ಹುಸಿಬಾಗಿಲಿನ ಕೀಲಿಕೈ

ನಮ್ಮ ಮನೆಯಲ್ಲಿ ಚಹಕ್ಕೆ ಹಾಕುವ ಅಲ್ಲವನ್ನು, ಅಂದರೆ ಹಸಿಶುಂಠಿಯನ್ನು, ಕೀಲಿಕೈಯಿಂದ ಜಜ್ಜುತ್ತಾರೆ. ನಗಬೇಡಿ. ಅದು ಅಂಥಿಂಥ ಕೀಲಿಕೈಯಲ್ಲ. ಒಂದು ಗೇಣು ಉದ್ದ, ಕೈಯಲ್ಲಿ ಹಿಡಿದರೆ ಮಣಿಕಟ್ಟು ಬಾಗುವಷ್ಟು ಭಾರ, ಹಿಡಿಯ ಕಡೆಗೆ ವೀಳ್ಯದೆಲೆಯ ಹಾಗೆ ಕೆತ್ತನೆ. ಸೊಸೆ ಈ ಮನೆಗೆ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಗುಂಡುಕಲ್ಲು ಕೈಗೆ ಸಿಗದೆ, ಗೂಟಕ್ಕೆ ತೂಗುಹಾಕಿದ್ದ ಇದನ್ನು ಇಳಿಸಿ ಅಲ್ಲ ಜಜ್ಜಿದಳು. ಚಹ ಚಲೋ ಆಯಿತು. ಅಂದಿನಿಂದ ಅದೇ ರೂಢಿಯಾಗಿ ಬಿಟ್ಟಿದೆ.

ಮೊನ್ನೆ ಅದನ್ನು ತೊಳೆಯುತ್ತ ಕೇಳಿದಳು: “ಮಾವಾರ, ಇದು ಯಾವ ಬಾಗಲದ ಕೀಲಿಕೈರಿ?”

“ವಾಚನಾಲಯದ್ದವಾ” ಎಂದೆ.

“ಹಂಗಾರ ತಿರುಗಿ ಕೊಡಬೇಕಿಲ್ಲೇನ್ರಿ?”

ಕೊಡಬೇಕಿತ್ತು. ಬಾಗಿಲು ಇನ್ನೂ ಇದೆ, ಕೀಲಿಯೂ, ಅಂದರೆ ಬೀಗವೂ, ಅದರ ಕೊಂಡಿಗೆ ಬಾಯಿ ತೆರೆದುಕೊಂಡು ತೂಗುತ್ತಿದೆ. ಆದರೆ ಆ ಕೀಲಿಯಲ್ಲಿ ಈ ಕೀಲಿಕೈ ತಿರುಗಿದ್ದು ಒಂದೇ ಒಂದು ಸಲ, ಮತ್ತು ತಿರುಗಿಸಿದವನು ನಾನಲ್ಲ. ಇಷ್ಟು ಹೇಳುವಷ್ಟರಲ್ಲಿ ಚಹ ಉಕ್ಕಿತು, ಸೊಸೆ ಒಳಗೆ ಓಡಿದಳು. ಉಳಿದದ್ದನ್ನು ನಿಮಗಾದರೂ ಹೇಳುತ್ತೇನೆ.

ನಮ್ಮೂರು ಗೋಕಾಕಕ್ಕೂ ಹುಕ್ಕೇರಿಗೂ ನಡುವೆ ಎಲ್ಲಿಯೋ ಇದೆ. ಹೆಸರು ಹೇಳುವುದಿಲ್ಲ, ಹೇಳಿದರೆ ನಾಳೆ ಕಟ್ಟೆಯ ಮೇಲೆ ನನಗೆ ಕೂಡಲು ಜಾಗ ಸಿಗಲಿಕ್ಕಿಲ್ಲ. ಗೋಕಾಕದವರಿಗೆ ಜಲಪಾತವಿದೆ, ಕರದಂಟು ಇದೆ. ಅಂಥದ್ದೇನೂ ಇಲ್ಲದ ನಮ್ಮ ಹಿರಿಯರು, ನಾನು ಇನ್ನೂ ಪಾಟಿ ಹಿಡಿದು ಸಾಲೆಗೆ ಹೋಗುತ್ತಿದ್ದಾಗ, ಒಂದು ವಾಚನಾಲಯ ಕಟ್ಟಿಸಿದರು. ಕಲ್ಲಿನ ಕಟ್ಟಡ, ನೋಡಲು ಬಹಳ ಚಂದ. ಒಂದೇ ಕೊರತೆ ಎಂದರೆ, ಅದು ಹೆದ್ದಾರಿಗೆ ಬೆನ್ನು ಮಾಡಿ ಕೂತಿದೆ.

ಹೀಗಾದದ್ದಕ್ಕೆ ಕಾರಣ ದಕ್ಷಿಣ ದಿಕ್ಕು. ಊರು ಕೊಟ್ಟ ಜಾಗಕ್ಕೆ ದಕ್ಷಿಣದಲ್ಲಿ ದೊಡ್ಡ ರಸ್ತೆ, ಉತ್ತರದಲ್ಲಿ ಒಂದು ಸಣ್ಣ ಓಣಿ. ಬೆಳಗಾವಿಯ ಓವರಸಿಯರನೊಬ್ಬ ನಕ್ಷೆ ಬರೆದು ಕಳಿಸಿದ್ದ. ಓದು ಬರೆಹ ಬಲ್ಲ ಯಾವ ಮನುಷ್ಯನಾದರೂ ಮಾಡುವಂತೆ ಬಾಗಿಲನ್ನು ರಸ್ತೆಗೆ ಇಟ್ಟಿದ್ದ. ರಸ್ತೆ ಎಂದರೆ ದಕ್ಷಿಣ, ದಕ್ಷಿಣ ಎಂದರೆ ಯಮನ ದಿಕ್ಕು. ಸಮಿತಿಯ ಅಧ್ಯಕ್ಷರು ಮಲ್ಲಪ್ಪ ಸಾವಕಾರರು. ನಮ್ಮದು ಬಸವಣ್ಣನ ಮತ. ದಿಕ್ಕು, ತಿಥಿ, ಮುಹೂರ್ತ ಯಾವುದಕ್ಕೂ ಹೆದರಬೇಕಿಲ್ಲ ಎಂದು ಸಭೆಗಳಲ್ಲಿ ಹೇಳುವಾಗ ಸಾವಕಾರರು ಮೇಜು ಕುಟ್ಟುತ್ತಿದ್ದರು. ಸಭೆಯನ್ನು ಯಾವ ದಿನ ಕರೆಯಬೇಕು ಎಂಬುದನ್ನು ಮಾತ್ರ ಪಂಚಾಂಗ ನೋಡಿ ಗೊತ್ತುಮಾಡುತ್ತಿದ್ದರು.

ಸಾವಕಾರರು ನಕ್ಷೆಯನ್ನು ಬಹಳ ಹೊತ್ತು ನೋಡಿದರಂತೆ. ಆಮೇಲೆ ಎರಡು ಬೆರಳಿನಿಂದ ಕಾಗದವನ್ನು ಮೇಜಿನ ಮೇಲೆ ಅರ್ಧ ಸುತ್ತು ತಿರುಗಿಸಿ, “ಹಿಂಗ ಇಟ್ರ ಬಾಗಲಾ ಉತ್ತರಕ್ಕ ಬರತೈತಿ. ಇಷ್ಟಕ್ಕ ಮತ್ಯಾಕ ಬೆಳಗಾವಿಗೆ ಹೋಗೂದು?” ಎಂದರು. ಎಲ್ಲರಿಗೂ ಸರಿಯೆನಿಸಿತು. ಅಂಕಲಗಿಯಿಂದ ಬಂದಿದ್ದ ಇಮಾಮಸಾಬ ಗೌಂಡಿ ಒಬ್ಬನೇ ಗಡ್ಡ ಕೆರೆದುಕೊಂಡನಂತೆ. ಕಲ್ಲಿನ ಮೇಲೆ ಕಲ್ಲಿಡುವುದು ಅವನ ಕೆಲಸ, ಯಾವ ಕಡೆಗೆ ಮುಖ ಎಂಬುದು ಅವನನ್ನು ಯಾರೂ ಕೇಳಿದ ಪ್ರಶ್ನೆಯಲ್ಲ.

ಆರು ಕಂಬ, ಮೂರು ಕಮಾನು, ಕಮಾನಿನ ಮೇಲೆ ಕೆಂಪು ಹಸಿರು ಗಾಜು, ಏಳು ಮೆಟ್ಟಿಲು, ಜಗಲಿ, ಜಗಲಿಗೆ ಹೊಂದಿ ಎರಡು ಎತ್ತರದ ಕಿಟಕಿ. ಈ ಎಲ್ಲ ವೈಭವವೂ ಒಂದು ಬಂಡಿ ಹೋದರೆ ಇನ್ನೊಂದು ನಿಲ್ಲಬೇಕಾದ ಓಣಿಯ ಕಡೆಗೆ ಹೋಯಿತು. ಮೆಟ್ಟಿಲಿನ ಎದುರಿಗೇ ಊರ ಹೆಂಗಸರು ನೀರು ಸೇದುವ ಬಾವಿ. ದೊಡ್ಡ ರಸ್ತೆಯ ಕಡೆಗೆ ಬಂದದ್ದು ಸಾಮಾನು ಕೋಣೆಯ ಬೋಳು ಗೋಡೆ.

ಬೋಳು ಗೋಡೆ ನೋಡಿ ಹಿರಿಯರಿಗೆ ನಾಚಿಕೆಯಾಯಿತು. ಬಂದ ಜನ ಏನೆಂದಾರು? ಆಗ ಲೋಂಡಾದಿಂದ ಸಾಗವಾನಿ ತರಿಸಿ, ಹಿತ್ತಾಳೆ ಗುಬ್ಬಿಮೊಳೆ ಹೊಡೆಸಿ, ಎರಡಾಳೆತ್ತರದ ಜೋಡಿ ಬಾಗಿಲು ಮಾಡಿಸಿ, ಗೋಡೆಗೆ ಒತ್ತಿ ಕೂರಿಸಿದರು. ಮೇಲೆ ‘ಸಾರ್ವಜನಿಕ ವಾಚನಾಲಯ’ ಎಂದು ಕಲ್ಲಿನಲ್ಲಿ ಕೆತ್ತಿಸಿದರು. ಬಾಗಿಲಿನ ಹಿಂದೆ ದಾರಿಯಿರಲಿಲ್ಲ, ಗೋಡೆಯಿತ್ತು. ಇಮಾಮಸಾಬ ಇದಕ್ಕೆ ಕೀಲಿ ಯಾಕೆ ಎಂದು ಕೇಳಿದನಂತೆ. ಕೀಲಿಯಿಲ್ಲದ ಬಾಗಿಲು ಖರೆ ಅನ್ನಿಸುವುದಿಲ್ಲ ಎಂದು ಸಾವಕಾರರು ಉತ್ತರ ಕೊಟ್ಟು, ಇದ್ದುದರಲ್ಲಿ ದೊಡ್ಡ ಕೀಲಿ ಹಾಕಿಸಿದರು. ರಸ್ತೆಯಲ್ಲಿ ಹೋಗುವವರು ಕೀಲಿ ನೋಡಿ ಹಾಗೇ ಮುಂದೆ ಹೋಗುವರು. ನಮ್ಮೂರ ವಾಚನಾಲಯ ಯಾವಾಗ ನೋಡಿದರೂ ಮುಚ್ಚಿರುತ್ತದೆ ಎಂದು ಹುಕ್ಕೇರಿಯ ಕಡೆ ಈಗಲೂ ಹೇಳುತ್ತಾರೆ.

ಕಟ್ಟಡ ಏಳುವಾಗಿನದು ನನಗೆ ನೆನಪಿರುವುದು ಸುಣ್ಣದ ಗಾಣ ಮತ್ತು ಬೆಲ್ಲ. ಎತ್ತು ಕಟ್ಟಿದ ಗಾಣದಲ್ಲಿ ಸುಣ್ಣ ಅರೆಯುವಾಗ ಅದಕ್ಕೆ ಬೆಲ್ಲದ ನೀರು ಹಾಕುತ್ತಿದ್ದರು. ನಾನು ಬೆಲ್ಲದ ಪೆಂಟಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಅದು ಗೋಡೆಯ ಪಾಲಿನ ಬೆಲ್ಲ, ನೀನು ತಿಂದಷ್ಟು ಗೋಡೆ ಬಿರಿಯುತ್ತದೆ ಎಂದು ಇಮಾಮಸಾಬ ಹೆದರಿಸಿದ್ದ. ಪಡುವಣ ಗೋಡೆಯಲ್ಲಿ ಈಗ ಒಂದು ಬಿರುಕು ಇದೆ. ಅದನ್ನು ಕಂಡಾಗಲೆಲ್ಲ ಈ ವಯಸ್ಸಿನಲ್ಲೂ ನಾನು ಬೇರೆ ಕಡೆ ನೋಡುತ್ತೇನೆ.

ಇನ್ನು ನೀಲವ್ವತ್ತೆ. ನಮ್ಮಪ್ಪನ ತಂಗಿ. ಬೆಲ್ಲದ ಬಾಗೇವಾಡಿಗೆ ಕೊಟ್ಟಿದ್ದರು. ಸೀರೆಯ ಹೊಸ ಮಡಿಕೆ ಮಾಸುವ ಮುಂಚೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಬಂದಾಗ ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಸಾಲೆಯಲ್ಲಿ ನಾನು ಮಾಸ್ತರರ ಕೈಯಿಂದ ತಿಂದ ಏಟನ್ನು ಮನೆಗೆ ತಂದು ಯಾರಿಗಾದರೂ ಕೊಡಬೇಕಿತ್ತು, ಸಿಕ್ಕವಳು ಅವಳು. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂಡುವಳು, ನಾನು ಬರಲುಕಡ್ಡಿ ಹಿಡಿದು ಎದುರಿಗೆ ನಿಂತು ಕಲಿಸುವೆ. ರೊಟ್ಟಿ ಹಿಟ್ಟಿನಲ್ಲಿ ಬೆರಳಾಡಿಸಿ ಬರೆದು ತೋರಿಸುವಳು. ನಾನು ನಾಲ್ಕನೆಯ ಇಯತ್ತೆಗೆ ಬರುವಷ್ಟರಲ್ಲಿ ನನ್ನ ಪಾಠವನ್ನು ಅವಳೇ ಓದಿ ನನಗೆ ಅರ್ಥ ಹೇಳುತ್ತಿದ್ದಳು. ನನ್ನ ಜೀವಮಾನದಲ್ಲಿ ನಾನು ಕಲಿಸಿದ ಒಬ್ಬಳೇ ವಿದ್ಯಾರ್ಥಿನಿ ಅವಳು, ಅದೂ ಗೊತ್ತಿಲ್ಲದೆ ಕಲಿಸಿದ್ದು.

ಮುಂದೆ ಮೂರನೆಯ ಸಲಕ್ಕೆ ನಾನು ಮ್ಯಾಟ್ರಿಕ್ ಪಾಸಾದೆ. ಊರಲ್ಲಿ ಅಷ್ಟು ಕಲಿತವರು ಬೇರೆ ಇಲ್ಲದ್ದರಿಂದ ವಾಚನಾಲಯದ ಗೌರವ ಕಾರ್ಯದರ್ಶಿ ಆದೆ. ಗೌರವ ಎಂದರೆ ಪಗಾರವಿಲ್ಲದ್ದು. ಓಣಿಯ ಬಾಗಿಲಿಗೆ ಒಂದು ಸಣ್ಣ ಕೀಲಿಕೈ ಇತ್ತು, ಅದನ್ನು ಕಿಸೆಯಲ್ಲಿ ಇಡುತ್ತಿದ್ದೆ. ರಸ್ತೆಯ ಹುಸಿಬಾಗಿಲಿನ ಈ ದೊಡ್ಡ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊರೆಲ್ಲ ಓಡಾಡುತ್ತಿದ್ದೆ. ನಡೆದಾಗ ಅದು ತೊಡೆಗೆ ಬಡಿಯುವುದು, ನನಗೆ ಅಧಿಕಾರ ಬಡಿದಂತೆ ಸುಖವಾಗುವುದು.

ವಾಚನಾಲಯಕ್ಕೆ ಬರುವ ಗಂಡಸರ ಕಷ್ಟ ಮಾತ್ರ ಹೇಳತೀರದು. ಒಳಗೆ ಹೋಗಬೇಕೆಂದರೆ ಬಾವಿಯನ್ನು ದಾಟಬೇಕು, ಬಾವಿಯ ಮೇಲೆ ಊರ ಸೊಸೆಯಂದಿರೆಲ್ಲ ಇರುತ್ತಾರೆ. ಹಿರಿಯರು ಓಣಿಯ ಬಾಯಿಗೆ ನಿಂತು ಕೆಮ್ಮುವರು. ಹೆಂಗಸರು ಸೆರಗು ಮುಂದೆಳೆದು ಗೋಡೆಗೆ ತಿರುಗುವರು. ಹಿರಿಯರು ನೆಲ ನೋಡುತ್ತ ಒಳಗೆ ಹೋಗುವರು. ಪತ್ರಿಕೆ ಓದಿ ಹೇಳುವುದು ನನ್ನ ಕೆಲಸ. ಅರ್ಧ ಕೇಳಿ ಅರ್ಧ ನಿದ್ದೆ ಮಾಡಿ, ಮತ್ತೆ ಕೆಮ್ಮುತ್ತ ಹೊರಗೆ ಬರುವರು. ಎಷ್ಟು ದಿನ ಕೆಮ್ಮಿಯಾರು? ಒಬ್ಬೊಬ್ಬರಾಗಿ ಬರುವುದು ಕಡಿಮೆಯಾಯಿತು. ಏಳು ಮೆಟ್ಟಿಲೂ ಜಗಲಿಯೂ ಹೆಂಗಸರ ಕೈಗೆ ಬಂದವು. ಕೊಡ ಇಡಲು, ಜೋಳ ಹಸನು ಮಾಡಲು, ಅತ್ತೆಯಂದಿರನ್ನು ಬಯ್ಯಲು ಅಂಥ ತಂಪು ಜಾಗ ಊರಲ್ಲಿ ಇನ್ನೊಂದಿರಲಿಲ್ಲ.

ಪತ್ರಿಕೆಯ ಓದನ್ನು ಕಿಟಕಿಯಿಂದ ಕೇಳುತ್ತಿದ್ದ ನೀಲವ್ವತ್ತೆ ಒಂದು ದಿನ ಸರಳುಗಳ ನಡುವೆ ಕೈ ತೂರಿಸಿ ಪುಸ್ತಕ ಕೇಳಿದಳು. ಹೆಂಗಸರು ಒಳಗೆ ಬರಬಾರದೆಂದು ನಿಯಮವೇನೂ ಇರಲಿಲ್ಲ. ಬಂದಾರು ಎಂದು ಯಾರಿಗೂ ಹೊಳೆದಿರಲಿಲ್ಲವಾದ್ದರಿಂದ ನಿಯಮ ಮಾಡಿರಲಿಲ್ಲ. ಕಿಟಕಿಯಿಂದ ಕೊಟ್ಟೆ. ಅವಳು ಕಂಬಕ್ಕೆ ಬೆನ್ನು ಹಚ್ಚಿ ಓದಿದಳು, ಮೊದಲು ಮನಸ್ಸಿನಲ್ಲಿ, ಆಮೇಲೆ ಉಳಿದವರಿಗೂ ಕೇಳುವಂತೆ. ಹೀಗೆ ವರ್ಷಗಟ್ಟಲೆ ನಡೆಯಿತು. ಕಪಾಟಿನ ಪುಸ್ತಕಗಳು ಒಂದೊಂದಾಗಿ ಕಿಟಕಿಯಿಂದ ಹೊರಗೆ ಹೋಗಿ, ನೀರಿನ ಹನಿ ಬಿದ್ದ ಗುರುತು ಹೊತ್ತು ಒಳಗೆ ಬಂದವು. ನಲವತ್ತರ ಆ ಹೆಂಗಸಿಗೆ ಹಬ್ಬವಿಲ್ಲ, ಹರಕೆಯಿಲ್ಲ, ತನ್ನದೆಂಬ ಒಲೆಯಿಲ್ಲ. ದಿನಕ್ಕೆ ಒಂದು ತಾಸಿನ ಆ ಓದು ಮಾತ್ರ ಅವಳದಾಗಿತ್ತು. ಇದು ನನಗೆ ಆಗಲೂ ಗೊತ್ತಿತ್ತು, ಗೊತ್ತಿರಲಿಲ್ಲ ಎಂದು ಈಗ ಹೇಳುವುದಿಲ್ಲ.

ಒಂದು ಬೇಸಿಗೆ ಅವಳು ದಪ್ಪನೆಯದೊಂದು ಕತೆಯ ಪುಸ್ತಕ ಹಿಡಿದಿದ್ದಳು. ಅದರ ನಾಯಕಿ ಸಮುದ್ರದ ಪಾಲಾಗಿದ್ದಳು. ಬಾವಿಯ ಮೇಲಿನ ಹೆಂಗಸರು ಕೊಡ ತುಂಬುವುದನ್ನು ಮರೆತರು, ಊರಲ್ಲಿ ಮನೆಮನೆಗೂ ರೊಟ್ಟಿ ತಡವಾಯಿತು. ಸಮಿತಿಯ ಹಿರಿಯರಿಗೆ ಹಸಿವೆಯಲ್ಲಿ ಸಿಟ್ಟು ಬಂತು. ಅದೇ ಹೊತ್ತಿಗೆ ಕಲೆಕ್ಟರ ಸಾಹೇಬರು ವಾಚನಾಲಯ ನೋಡಲು ಬರುತ್ತಾರೆಂದು ಸುದ್ದಿ ಬಂತು. ಖಾದಿ ಟೊಪ್ಪಿಗೆಯವರು ಸಾಲುಸಾಲಾಗಿ ಜೇಲಿಗೆ ಹೋಗುತ್ತಿದ್ದ ಕಾಲ ಅದು. ಸಾಹೇಬರಿಗೆ ಶಾಂತವಾದ ಒಂದು ಊರು ನೋಡುವ ಆಸೆಯಾಗಿತ್ತೋ ಏನೋ. ಸಾಹೇಬರ ಮೋಟಾರು ಓಣಿಯಲ್ಲಿ ಹಿಡಿಸುವುದಿಲ್ಲ. ಸಾಹೇಬರನ್ನು ಬಾವಿಯ ಹತ್ತಿರ ನಿಲ್ಲಿಸಿ ಕೆಮ್ಮಿಸುವುದೂ ಆಗುವುದಿಲ್ಲ.

ಸಭೆ ಕೂಡಿತು. ರಸ್ತೆಯ ಹುಸಿಬಾಗಿಲಿನ ಹಿಂದಿನ ಗೋಡೆ ಒಡೆದು ಅದನ್ನು ಖರೆ ಬಾಗಿಲು ಮಾಡಬೇಕು. ಓಣಿಯ ಕಡೆ ಕಂಬದಿಂದ ಕಂಬಕ್ಕೆ ಗೋಡೆ ಎಬ್ಬಿಸಿ ಬಾಗಿಲು, ಕಿಟಕಿ, ಜಗಲಿ ಎಲ್ಲ ಮುಚ್ಚಬೇಕು. ಈ ಠರಾವು ಬರೆದವನು ನಾನೇ. ನನ್ನ ಅಕ್ಷರ ಬಹಳ ಸುಂದರ. ಅಂದು ಸಾವಕಾರರು ಅದನ್ನು ಕೈಯೆತ್ತಿ ಎಲ್ಲರಿಗೂ ತೋರಿಸಿದರು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ಪುಸ್ತಕಾ ಅರ್ಧಾ ಆಗೈತಿ” ಎಂದಳು. “ಗ್ವಾಡಿ ಯಾವಾಗ ಕಟ್ಟತಾರ?”

ಸೋಮವಾರ ಎಂದೆ. ಹಾಗಾದರೆ ಅಷ್ಟರೊಳಗೆ ಪುಸ್ತಕವನ್ನು ಮನೆಗೆ ತಂದುಕೊಡು, ಮುಗಿಸುತ್ತೇನೆ ಎಂದಳು. ಸಾಹೇಬರು ಬರುವತನಕ ಒಂದು ಪುಸ್ತಕವೂ ಹೊರಗೆ ಹೋಗಬಾರದೆಂದು ಸಾವಕಾರರ ಅಪ್ಪಣೆಯಾಗಿತ್ತು. ನಾನು ತರಲಿಲ್ಲ. ನನಗೆ ಕೆಟ್ಟೆನಿಸಿತು. ಕೆಟ್ಟೆನಿಸುವುದು ನನಗೆ ಬಹಳ ಸುಲಭವಾಗಿ ಬರುತ್ತದೆ; ಅದರ ಮುಂದಿನ ಕೆಲಸ ಬರುವುದಿಲ್ಲ.

ಇಮಾಮಸಾಬ ಬಂದ. ಗಡ್ಡ ಬೆಳ್ಳಗಾಗಿತ್ತು, ಕೈ ಹಾಗೆಯೇ ಇತ್ತು. ಒಳಗಿನಿಂದಲೇ ಹುಸಿಬಾಗಿಲಿನ ಹಿಂದಿನ ಗೋಡೆ ಒಡೆದು, ಕಲ್ಲುಮಣ್ಣನ್ನೆಲ್ಲ ಓಣಿಯಿಂದ ಹೊರಗೆ ಹಾಕಿದ. ಸಾವಕಾರರ ಪಂಚಾಂಗದಲ್ಲಿ ಒಳ್ಳೆಯ ಗಳಿಗೆ ಸೋಮವಾರವೇ ಇದ್ದದ್ದರಿಂದ, ಕಸ ಗುಡಿಸುವುದಕ್ಕೂ ಬಿಡದೆ ಅಂದೇ ಓಣಿಯ ಕಡೆ ಗೋಡೆ ಎಬ್ಬಿಸಿ ಮುಗಿಸಿದರು. ಬಾವಿಯ ಮೇಲೆ ಆ ವಾರ ಕೊಡಗಳ ಸಪ್ಪಳ ಮಾತ್ರ ಇತ್ತು. ನಾಯಕಿ ಸಮುದ್ರದಲ್ಲೇ ಉಳಿದಳು.

ಸಾಹೇಬರು ಬರುವ ದಿನ ಬೆಳಿಗ್ಗೆ ಸಮಿತಿಯವರೆಲ್ಲ ಜರಿ ರುಮಾಲು ಸುತ್ತಿಕೊಂಡು ರಸ್ತೆಯಲ್ಲಿ ನೆರೆದರು. ಒಳಗೆ ಧೂಳು, ಗಾರೆ ಚೂರು. ಗುಡಿಸಬೇಕು, ಕುರ್ಚಿ ಜೋಡಿಸಬೇಕು. ಆಗ ಎಲ್ಲರಿಗೂ ಒಮ್ಮೆಲೇ ಹೊಳೆಯಿತು: ಇಡೀ ಕಟ್ಟಡಕ್ಕೆ ಈಗ ಇರುವುದು ಒಂದೇ ಬಾಗಿಲು, ಅದು ದಕ್ಷಿಣಕ್ಕಿದೆ, ಅದನ್ನು ಇಲ್ಲಿಯವರೆಗೆ ಯಾರೂ ದಾಟಿಲ್ಲ. ದಕ್ಷಿಣದ ಬಾಗಿಲನ್ನು ಮೊದಲು ದಾಟಿದವನನ್ನು ಯಮ ಗುರುತು ಇಟ್ಟುಕೊಳ್ಳುತ್ತಾನೆ ಎಂಬ ಮಾತು ನಮ್ಮೂರಲ್ಲಿ ಸಾಲೆಯ ಮಗುವಿಗೂ ಗೊತ್ತು.

ಹತ್ತು ಮಂದಿ ಇದ್ದಲ್ಲಿ ಹಾವು ಸಾಯುವುದಿಲ್ಲ. ನೀವು ಹಿರಿಯರು ಮೊದಲು ಹೋಗಿರಿ ಎಂದು ಒಬ್ಬರು, ಇಲ್ಲ ನೀವು ಕಲಿತವರು ನೀವೇ ಹೋಗಿರಿ ಎಂದು ಇನ್ನೊಬ್ಬರು. ಅಷ್ಟು ಮರ್ಯಾದೆಯನ್ನು ನಮ್ಮೂರಲ್ಲಿ ನಾನು ಮತ್ತೆಂದೂ ಕಂಡಿಲ್ಲ. ಒಬ್ಬರಿಗೆ ಮೊಣಕಾಲು ನೋವು, ಒಬ್ಬರ ಮಗಳಿಗೆ ಮದುವೆ ಗೊತ್ತಾಗಿದೆ, ಒಬ್ಬರ ಹೆಂಡತಿಗೆ ದಿನ ತುಂಬಿದೆ. ತಾನು ದಾಟುತ್ತೇನೆ ಎಂದು ಇಮಾಮಸಾಬ ಮುಂದೆ ಬಂದ. ಕಟ್ಟಿದವನಿಗೆ ದೋಷ ತಟ್ಟುವುದಿಲ್ಲ, ಆದ್ದರಿಂದ ಅವನು ದಾಟಿದರೆ ದೋಷ ಕಳೆಯುವುದೂ ಇಲ್ಲ ಎಂದು ಸಾವಕಾರರು ತಡೆದರು. ಸಾಹೇಬರೇ ಮೊದಲು ಹೋಗಲಿ ಎಂದ ಒಬ್ಬನನ್ನು ಎಲ್ಲರೂ ಸೇರಿ ಸುಮ್ಮನಾಗಿಸಿದರು. ಆಮೇಲೆ ಸಾಹೇಬರಿಗೆ ನೆಗಡಿ ಬಂದರೂ ಜೇಲಿಗೆ ಹೋಗುವವರು ನಾವು.

ಆಗ ಸಾವಕಾರರು ನನ್ನ ಕಡೆ ತಿರುಗಿದರು. “ಈರಪ್ಪಾ, ನಿಮ್ಮ ನೀಲವ್ವ ಅದಾಳಲ್ಲ” ಎಂದರು.

ಯಾಕೆ ನೀಲವ್ವ ಎಂದು ಯಾರೂ ಕೇಳಲಿಲ್ಲ. ಗಂಡ ಸತ್ತವಳು ಅಮಂಗಲ ಎಂಬುದು ನಮ್ಮ ಮತದಲ್ಲಿ ಇಲ್ಲ, ಆದ್ದರಿಂದ ಆ ಮಾತನ್ನು ಯಾರೂ ಬಾಯಿಂದ ತೆಗೆಯಲಿಲ್ಲ. ದೊಡ್ಡಾಕಿ, ಧೈರ್ಯದಾಕಿ, ಓದು ಬಲ್ಲಾಕಿ ಎಂದು ಒಬ್ಬೊಬ್ಬರಾಗಿ ಹೊಗಳಿದರು. ಎಲ್ಲರ ಮುಖದ ಮೇಲೂ ಸಮಾಧಾನ ಬಂತು. ಕರೆದುಕೊಂಡು ಬಾ ಎಂದು ನನ್ನನ್ನು ಕಳಿಸಿದರು, ನಾನೂ ಹೊರಟೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಅತ್ತೆ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ನಾನು ಸುತ್ತಿ ಬಳಸಿ ಹೇಳಿದೆ. ಅವಳಿಗೆ ಸುತ್ತು ಬೇಕಾಗಿರಲಿಲ್ಲ, ಅರ್ಧಕ್ಕೇ ತಿಳಿಯಿತು. ಕೈಯಲ್ಲಿದ್ದ ಪಾತ್ರೆಯನ್ನು ಬೂದಿ ಸಮೇತ ಬೋರಲು ಹಾಕಿದಳು.

“ನೀ ದಾಟಬಾರದೇನ?” ಎಂದಳು. “ಸೆಕ್ರೆಟರಿ ನೀನ ಅಲ್ಲ?”

“ನನಗ ಸಣ್ಣ ಮಕ್ಕಳದಾವ, ಅತ್ತಿ.”

ಅವಳು ನನ್ನ ಮುಖ ನೋಡಿದಳು. ಸಿಟ್ಟಾಗಿದ್ದರೆ ನಾನು ಬದುಕುತ್ತಿದ್ದೆ. “ಖರೆ” ಎಂದಳು, “ನಿನಗ ಸಣ್ಣ ಮಕ್ಕಳದಾವ.” ಎದ್ದು ಕೈ ತೊಳೆದುಕೊಂಡು, “ಕೀಲಿಕೈ ಕೊಡಿಲ್ಲೆ” ಎಂದಳು.

ಬೀದಿಯಲ್ಲಿ ಅವಳು ಮುಂದೆ, ನಾನು ಹಿಂದೆ. ಸಮಿತಿಯವರು ಅವಳನ್ನು ಕಂಡು ಎರಡೂ ಬದಿಗೆ ಸರಿದು ದಾರಿ ಬಿಟ್ಟರು. ಯಾರೂ ಕೆಮ್ಮಲಿಲ್ಲ. ಹುಟ್ಟಿದಾಗಿನಿಂದ ತೆರೆಯದ ಕೀಲಿ, ತುಕ್ಕು ಹಿಡಿದಿತ್ತು. ಇಮಾಮಸಾಬ ಕುಸುಬಿ ಎಣ್ಣೆ ಬಿಟ್ಟುಕೊಟ್ಟ. ಅವಳು ಎರಡೂ ಕೈಯಿಂದ ತಿರುಗಿಸಿದಳು, ಕೊಂಡಿ ಕಳಚಿತು. ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಗಿಲು ನೂಕಿ, ಯಾವ ಕಾಲು ಮೊದಲು ಎಂದು ಸಹ ನೋಡದೆ ಒಳಗೆ ಹೋದಳು.

ನಾವು ಕಾದೆವು. ಒಳಗೆ ಕಪಾಟಿನ ಬಾಗಿಲು ಕಿರುಗುಟ್ಟಿತು. ಕುರ್ಚಿ ಎಳೆದ ಸಪ್ಪಳವಾಯಿತು. ಆಮೇಲೆ ಏನೂ ಇಲ್ಲ. ಹೊತ್ತು ಹೋಯಿತು, ಬಿಸಿಲು ಏರಿತು. ಸಾವಕಾರರ ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿಯಿತು. ಏನಾಯಿತು ನೋಡು ಎಂದು ನನಗೆ ಕೈಸನ್ನೆ ಮಾಡಿದರು. ನಾನು ಹೊಸ್ತಿಲಿನ ಈಚೆಗೇ ನಿಂತು ಕುತ್ತಿಗೆ ಉದ್ದ ಮಾಡಿ “ಅತ್ತೀ” ಎಂದು ಕರೆದೆ.

“ಗದ್ದಲಾ ಮಾಡಬ್ಯಾಡ” ಎಂದು ಒಳಗಿನಿಂದ ದನಿ ಬಂತು. “ಓದಾಕತ್ತೇನಿ.”

ಸಾಹೇಬರಿಗೆಂದು ತರಿಸಿ ಗೋಡೆ ಏಳುವ ಮೊದಲೇ ಒಳಗಿಟ್ಟಿದ್ದ ಗಾದಿಯ ಕುರ್ಚಿಯಲ್ಲಿ ಕೂತು ಓದುತ್ತಿದ್ದಳು. ಹೊರಗೆ ಬರಲು ಹೇಳಬೇಕೆಂದರೆ ಒಳಗೆ ಹೋಗಬೇಕು. ಅವಳು ಹೊರಗೆ ಬರುವತನಕ ದೋಷ ಕಳೆಯಿತೆಂಬ ಖಾತ್ರಿಯಿಲ್ಲ, ಒಳಗೆ ಹೋಗುವವರು ಯಾರೂ ಇರಲಿಲ್ಲ. ಮಧ್ಯಾಹ್ನಕ್ಕೆ ಗೋಕಾಕದಿಂದ ಸವಾರನೊಬ್ಬ ಬಂದು, ಎಲ್ಲಿಯೋ ಗಲಾಟೆಯಾದ್ದರಿಂದ ಸಾಹೇಬರು ಬರುವುದಿಲ್ಲ ಎಂದು ಹೇಳಿ ಹೋದ. ಹಿರಿಯರು ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮನೆಗಳಿಗೆ ನಡೆದರು. ಇಳಿಹೊತ್ತಿಗೆ ಅತ್ತೆ ಪುಸ್ತಕ ಮುಗಿಸಿ ಹೊರಗೆ ಬಂದು, ನೇರ ಬಾವಿಗೆ ಹೋಗಿ, ನಾಯಕಿ ದಡ ಸೇರಿದಳೆಂದು ಹೆಂಗಸರಿಗೆ ತಿಳಿಸಿದಳಂತೆ.

ಮರುದಿನ ಅವಳ ಹಿಂದೆ ಇನ್ನೂ ಇಬ್ಬರು ಹೆಂಗಸರು ಆ ಬಾಗಿಲಿನಿಂದ ಒಳಗೆ ಹೋದರು. ಆಮೇಲೆ ನಾಲ್ವರು. ಹೇಗೂ ಯಮನಿಗೆ ಒಬ್ಬಳ ಗುರುತು ಸಿಕ್ಕಿದೆ, ಉಳಿದವರಿಗೆ ಭಯವಿಲ್ಲ ಎಂಬ ತರ್ಕವನ್ನು ಸಾವಕಾರರೇ ಹುಟ್ಟಿಸಿದ್ದರಲ್ಲ, ಅದನ್ನು ಅವರು ಅಲ್ಲಗಳೆಯುವಂತಿರಲಿಲ್ಲ. ಅವರಿಗೆ ಮಾತ್ರ ಆ ಧೈರ್ಯ ಬರಲಿಲ್ಲ. ತಿಂಗಳೊಳಗೆ ಇಮಾಮಸಾಬನನ್ನೇ ಕರೆಸಿ ಓಣಿಯ ಗೋಡೆ ಒಡೆಸಿ, ಹಿರಿಯರು ತಮ್ಮ ಉತ್ತರದ ಬಾಗಿಲನ್ನು ಮರಳಿ ಪಡೆದರು. ಕಟ್ಟುವುದಕ್ಕೂ ತಾನೇ, ಒಡೆಯುವುದಕ್ಕೂ ತಾನೇ, ನಿಮ್ಮೂರಿರುವತನಕ ತನಗೆ ಮುಪ್ಪಿನ ಹೊಟ್ಟೆಪಾಡಿನ ಚಿಂತೆಯಿಲ್ಲ ಎಂದು ಅವನು ನಕ್ಕ. ಹೀಗೆ ನಮ್ಮೂರಲ್ಲಿ ಹೆಂಗಸರು ಹಿತ್ತಾಳೆ ಗುಬ್ಬಿಯ ದೊಡ್ಡ ಬಾಗಿಲಿನಿಂದ, ತಲೆಯ ಮೇಲೆ ಕಲ್ಲಿನ ಅಕ್ಷರ ಹೊತ್ತು ವಾಚನಾಲಯಕ್ಕೆ ಹೋಗುತ್ತಾರೆ. ಗಂಡಸರು ಓಣಿಯಲ್ಲಿ ಕೆಮ್ಮುತ್ತ ಹೋಗುತ್ತಾರೆ. ದೊಡ್ಡ ಬಾಗಿಲಿಗೆ ಆಮೇಲೆ ಕೀಲಿ ಬೀಳಲಿಲ್ಲ. ಕೀಲಿಕೈ ಅತ್ತೆಯ ಸೊಂಟದಲ್ಲಿತ್ತು. ಕೊಡು ಎಂದು ಕೇಳುವ ಮುಖ ನನಗಿರಲಿಲ್ಲ.

ಸಾವಕಾರರು ಕೊನೆಯತನಕ ಉತ್ತರದ ಬಾಗಿಲಿನಿಂದಲೇ ಓಡಾಡಿ, ಮನೆಯಲ್ಲಿ ಹಾಸಿಗೆಯ ಮೇಲೆ ತೀರಿಕೊಂಡರು. ಅಂದು ರಸ್ತೆಯಲ್ಲಿ ನಿಂತಿದ್ದ ಉಳಿದವರೂ ಹಿಂದೆಮುಂದೆ ಹೋದರು. ಯಮನಿಗೆ ಮನೆ ಹುಡುಕಲು ತೊಂದರೆಯಾದಂತೆ ಕಾಣಲಿಲ್ಲ. ಗುರುತು ಹಿಡಿಸಿಕೊಂಡ ನೀಲವ್ವತ್ತೆ ಅವರೆಲ್ಲರ ಸಾವಿನ ಸುದ್ದಿಯನ್ನೂ ಆ ಗಾದಿಯ ಕುರ್ಚಿಯಲ್ಲಿ ಕೂತು ಕೇಳಿದಳು. ಸ್ವಾತಂತ್ರ್ಯ ಬಂದ ಮರುವರ್ಷ, ಎರಡು ದಿನದ ಜ್ವರದಲ್ಲಿ ಹೋದಳು. ಸೊಂಟದಿಂದ ಬಿಚ್ಚಿದ ಕೀಲಿಕೈಯನ್ನು ನನ್ನ ಹೆಂಡತಿ ತಂದು ಗೂಟಕ್ಕೆ ಹಾಕಿದಳು. ತಲೆದಿಂಬಿನ ಕೆಳಗೆ ವಾಚನಾಲಯದ ಪುಸ್ತಕವೊಂದು ಸಿಕ್ಕಿತು. ಅರ್ಧದಲ್ಲಿ ಜೋಳದ ಗರಿಯೊಂದನ್ನು ಗುರುತಿಗೆ ಇಟ್ಟಿದ್ದಳು.

ಮೂರನೆಯ ದಿನ ಅದನ್ನು ತಿರುಗಿ ಕೊಡಲು ಹೋದೆ. ಓಣಿಯ ಕಡೆಗೆ ಹೊರಟವನು, ಯಾಕೋ ರಸ್ತೆಗೆ ಬಂದು ದೊಡ್ಡ ಬಾಗಿಲಿನ ಎದುರಿಗೆ ನಿಂತೆ. ಹೊಸ್ತಿಲು ಸವೆದಿತ್ತು. ದಾಟಿದೆ. ಏನೂ ಆಗಲಿಲ್ಲ. ಪುಸ್ತಕವನ್ನು ಅವಳ ಕುರ್ಚಿಯ ಮೇಲಿಟ್ಟು, ಅಲ್ಲಿಯೇ ನೆಲದ ಮೇಲೆ ಕೂತು ಬಹಳ ಹೊತ್ತು ಕಣ್ಣೀರು ಹಾಕಿದೆ.

ಇದನ್ನು ನನ್ನ ಧೈರ್ಯವೆಂದು ತಿಳಿಯಬೇಡಿ. ಆ ಹೊತ್ತಿಗೆ ನನ್ನ ಮಕ್ಕಳೆಲ್ಲ ದೊಡ್ಡವರಾಗಿದ್ದರು.